ದ್ರವಬ್ರೇಕಿನ ಚರಿತ್ರೆಯಲ್ಲಿ ಪ್ರಮಾಣದ ಪ್ರಶ್ನೆ

ಮೋಟಾರು ಗಾಡಿಯ ಚರಿತ್ರೆಯಲ್ಲಿ ವೇಗಕ್ಕೆ ದೊರೆತಿರುವ ಗಮನವು ವೇಗವನ್ನು ತಡೆಯುವ ಸಾಧನಕ್ಕೆ ದೊರೆತಿಲ್ಲ. ಚಕ್ರದ ಬಳಿಯ ಕ್ಯಾಲಿಪರನ್ನು ಹಿರಿದಾಗಿಸಿದರೆ ಬ್ರೇಕು ತಾನಾಗಿಯೇ ಉತ್ತಮವಾಗುವುದೆಂಬ ನಂಬಿಕೆಯು ಗಾಡಿಗಳನ್ನು ಮಾರ್ಪಡಿಸುವ ಅನೇಕರಲ್ಲಿ ಇಂದಿಗೂ ಉಳಿದಿದೆ. ಇದು ಅರ್ಧಸತ್ಯವೆಂಬುದನ್ನು ಚರಿತ್ರೆಯ ಆಧಾರದಿಂದ ತೋರಿಸುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಹದಿನೇಳನೆಯ ಶತಮಾನದಲ್ಲಿ ಪಾಸ್ಕಲನು ನಿರೂಪಿಸಿದನು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದನ್ನು ತನ್ನ ಒತ್ತುಯಂತ್ರದಲ್ಲಿ ಬಳಸಿದನು. ಸಣ್ಣ ಪಿಸ್ಟನ್ನಿನ ಅಲ್ಪಬಲವು ದೊಡ್ಡ ಪಿಸ್ಟನ್ನಿನಲ್ಲಿ ಬಹುಗುಣವಾಗುವುದು. ಆದರೆ ಬಲ ಹೆಚ್ಚಿದಷ್ಟೂ ಚಲನೆ ಕುಗ್ಗುವುದು. ಅಮೆರಿಕೆಯ ಮಾಲ್ಕಮ್ ಲಾಕ್‌ಹೀಡನ ಯೋಜನೆಯ ಮೂಲಕ ಈ ತತ್ತ್ವವು ಮೋಟಾರು ಗಾಡಿಯನ್ನು ಪ್ರವೇಶಿಸಿತು. 1921ರ ಡ್ಯೂಸನ್‌ಬರ್ಗ್ ಗಾಡಿಯ ನಾಲ್ಕು ಚಕ್ರಗಳಿಗೂ ದ್ರವಬ್ರೇಕುಗಳಿದ್ದವು. 1924ರಲ್ಲಿ ಕ್ರೈಸ್ಲರ್ ಗಾಡಿ ಅದೇ ಮಾರ್ಗವನ್ನು ಹಿಡಿಯಿತು. ಫೋರ್ಡ್ ಸಂಸ್ಥೆಯು ಮಾತ್ರ ತನ್ನ ಗಾಡಿಗಳಿಗೆ 1939ರ ಮಾದರಿಯಲ್ಲಿ ಅದನ್ನು ಅಳವಡಿಸಿತು.

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕೆಯ ಯುವಕರು ಹಳೆಯ ಫೋರ್ಡ್ ಗಾಡಿಗಳ ಸರಳಿನ ಬ್ರೇಕುಗಳನ್ನು ಕಳಚಿ, 1939ರ ಮತ್ತು ಅನಂತರದ ಫೋರ್ಡ್‌ಗಳ ದ್ರವಬ್ರೇಕುಗಳನ್ನು ಜೋಡಿಸತೊಡಗಿದರು. ಚಕ್ರದ ಸಿಲಿಂಡರುಗಳೂ ಮಾಸ್ಟರ್ ಸಿಲಿಂಡರೂ ಒಂದೇ ಮಾದರಿಯಿಂದ ಬಂದಾಗ ಅವುಗಳ ಪ್ರಮಾಣ ಕೆಡುತ್ತಿರಲಿಲ್ಲ.

ಡಿಸ್ಕ್ ಬ್ರೇಕು ಬಂದ ಮೇಲೆ ಪ್ರಶ್ನೆಯು ಜಟಿಲವಾಯಿತು. ಡ್ರಮ್ ಬ್ರೇಕಿನಲ್ಲಿ ತಿರುಗುವ ಡ್ರಮ್ಮೇ ಒಂದು ಪಟ್ಟಿಯನ್ನು ತನ್ನತ್ತ ಎಳೆದುಕೊಂಡು ಚಾಲಕನ ಶ್ರಮವನ್ನು ತಗ್ಗಿಸುತ್ತದೆ. ಡಿಸ್ಕಿನಲ್ಲಿ ಆ ಸಹಾಯವಿಲ್ಲ. ಆದುದರಿಂದಲೇ 1953ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದ ಜಾಗ್ವಾರ್ ಸಿ-ಟೈಪ್ ಗಾಡಿಯ ಡನ್‌ಲಪ್ ಡಿಸ್ಕುಗಳಿಗೆ ಪಂಪಿನ ನೆರವನ್ನು ಒದಗಿಸಬೇಕಾಯಿತು.

ಈಗ ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿಲಿಮೀಟರ್, ಕ್ಯಾಲಿಪರಿನ ಒಂದೇ ಪಿಸ್ಟನ್ನಿನ ವ್ಯಾಸ 40 ಮಿಲಿಮೀಟರ್ ಇದ್ದರೆ ವಿಸ್ತೀರ್ಣಗಳ ಪ್ರಮಾಣ 4. ಪಿಸ್ಟನ್ನನ್ನು 50 ಮಿಲಿಮೀಟರಿಗೆ ಏರಿಸಿದರೆ ಅದು 6.25 ಆಗುವುದು. ಬಲ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚುವುದು ನಿಜ. ಆದರೆ ಪೆಡಲು ಚಲಿಸಬೇಕಾದ ದೂರವೂ ಅಷ್ಟೇ ಹೆಚ್ಚುವುದು. ಆಪತ್ಕಾಲದಲ್ಲಿ ಬ್ರೇಕು ಹಿಡಿಯುವ ಮೊದಲೇ ಪೆಡಲು ತಳ ಮುಟ್ಟಬಹುದು. ಇದನ್ನು ತಪ್ಪಿಸಲು ಮಾಸ್ಟರ್ ಸಿಲಿಂಡರನ್ನು 25 ಮಿಲಿಮೀಟರಿಗೆ ಹಿಗ್ಗಿಸಿದರೆ ಪ್ರಮಾಣವು ಮತ್ತೆ 4ಕ್ಕೆ ಇಳಿದು, ಗಳಿಸಿದ ಬಲವೆಲ್ಲ ಕಳೆದುಹೋಗುವುದು. 22 ಮಿಲಿಮೀಟರಿನದನ್ನು ಆರಿಸಿದರೆ ಪ್ರಮಾಣ ಸುಮಾರು 5.2, ಇದು ಮಧ್ಯಮ ಮಾರ್ಗ. ಎರಡು ಪಕ್ಕಗಳಲ್ಲೂ ಪಿಸ್ಟನ್ನುಗಳಿರುವ ಕ್ಯಾಲಿಪರಿನಲ್ಲಿ ಒಂದು ಪಕ್ಕದವುಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು; ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ವಿಸ್ತೀರ್ಣ ಹೆಚ್ಚಿತೆಂದು ಭಾವಿಸಲಾಗದು.

ಹಾಗಾದರೆ ದೊಡ್ಡ ಬ್ರೇಕಿನ ಪ್ರಯೋಜನವೇನು? ಅದರೊಡನೆ ಬರುವ ಹಿರಿಯ ಡಿಸ್ಕು ಹೆಚ್ಚು ಶಾಖವನ್ನು ತಾಳುತ್ತದೆ, ಹೆಚ್ಚು ತ್ರಿಜ್ಯದಲ್ಲಿ ಚಕ್ರವನ್ನು ತಡೆಯುತ್ತದೆ. ಮುಂದಿನ ಕ್ಯಾಲಿಪರುಗಳನ್ನು ಮಾತ್ರ ಹಿರಿದಾಗಿಸಿದರೆ ಮುಂದಿನ ಚಕ್ರಗಳು ಬೇಗನೆ ಬಿಗಿದು ನಿಂತು, ಹಿಂದಿನವು ತಮ್ಮ ಪಾಲಿನ ಕೆಲಸವನ್ನು ಪೂರ್ತಿ ಮಾಡಲಾರವು.

ಬ್ರಾಮಾನ ಕಾಲದಿಂದ ಇಂದಿನವರೆಗೆ ತತ್ತ್ವವು ಬದಲಾಗಿಲ್ಲ. ಬ್ರೇಕು ಬಿಡಿಭಾಗಗಳ ಸಮೂಹವಲ್ಲ, ಒಂದು ಪ್ರಮಾಣಬದ್ಧ ವ್ಯವಸ್ಥೆ. ಒಂದು ಭಾಗವನ್ನು ಬದಲಿಸುವವನು ಉಳಿದವುಗಳನ್ನೂ ಲೆಕ್ಕಹಾಕಲೇಬೇಕು. ಆ ಲೆಕ್ಕವು ತಪ್ಪಿದರೆ ಬೆಲೆ ತೆರುವವನು ಅವನೊಬ್ಬನೇ ಅಲ್ಲವೆಂಬುದನ್ನು ನಾವು ಮರೆಯಬಾರದು.