ಹಿಮದ ಮೇಲೆ ಎಳೆದ ಗೆರೆ

ಹಿಮ ಕವಿದ ಇಳಿಜಾರಿನಲ್ಲಿ ಒಂದೇ ಹಲಗೆಯ ಮೇಲೆ ಎರಡು ಪಾದಗಳನ್ನೂ ಊರಿ ಜಾರಿಬರುವ ಸ್ನೋಬೋರ್ಡ್ ಕ್ರೀಡೆಯಲ್ಲಿ ತಿರುವು ತೆಗೆದುಕೊಳ್ಳುವ ಬಗೆ ಎರಡು. ಹಲಗೆಯನ್ನು ಅಡ್ಡಲಾಗಿ ಹೊರಳಿಸಿ ಹಿಮವನ್ನು ಕೆರೆಯುತ್ತ ಬರುವುದು ಒಂದು ಬಗೆ. ಹಲಗೆಯನ್ನು ಅದರ ಉಕ್ಕಿನ ಅಂಚಿನ ಮೇಲೆ ನಿಲ್ಲುವಷ್ಟು ವಾಲಿಸಿ, ಆ ಅಂಚಿನ ಬಾಗು ಎತ್ತ ಒಯ್ಯುವುದೋ ಅತ್ತ ಹಿಮವನ್ನು ಕೊರೆಯುತ್ತ ಸಾಗುವುದು ಇನ್ನೊಂದು. ಮೊದಲನೆಯದು ಉಳಿಸಿಹೋಗುವ ಗುರುತು ಪೊರಕೆಯಾಡಿಸಿದಂತೆ ಅಗಲವಾಗಿ, ಅಸ್ಪಷ್ಟವಾಗಿ ಇರುತ್ತದೆ. ಎರಡನೆಯದರ ಗುರುತಾದರೋ, ಹದವಾದ ಹೊಲದಲ್ಲಿ ನುರಿತ ರೈತನು ಹೊಡೆದ ನೇಗಿಲ ಸಾಲಿನಂತೆ, ಎಲ್ಲಿಯೂ ಕಡಿಯದೆ, ಎಡಕ್ಕೂ ಬಲಕ್ಕೂ ಬಳುಕುತ್ತ ಬೆಟ್ಟದ ತಪ್ಪಲಿನವರೆಗೆ ಇಳಿದುಬರುತ್ತದೆ. ಆಲ್ಪೈನ್ ಕಾರ್ವಿಂಗ್ ಎಂದು ಹೆಸರಾದುದು ಈ ಎರಡನೆಯ ವಿದ್ಯೆ.

ಆ ಗೆರೆಯನ್ನು ಕಂಡವರು ಅದನ್ನು ಎಳೆದವನ ಕೌಶಲವನ್ನು ಕೊಂಡಾಡುವುದು ಸಹಜವೂ ಯುಕ್ತವೂ ಆದುದೇ. ಆದರೆ ಹಲಗೆ, ಬೂಟು, ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್ ಎಂಬ ಮೂರು ಸಲಕರಣೆಗಳು ಒಂದಕ್ಕೊಂದು ಹೊಂದಿಕೊಳ್ಳದಿದ್ದರೆ ಎಂತಹ ಕುಶಲಿಗೂ ಅದು ಒಲಿಯದು. ಈ ಮೂರೂ ಒಂದೇ ಮನೆಯಲ್ಲಿ ಹುಟ್ಟಿದವುಗಳಲ್ಲ. ಹಲಗೆ ಹುಟ್ಟಿದುದು ಅಮೆರಿಕದಲ್ಲಿ, ಕಡಲಿನ ಅಲೆಯೇರುವ ಕನಸಿನಿಂದ. ಬೂಟು ಬಂದುದು ಯೂರೋಪಿನ ಆಲ್ಪ್ಸ್ ಪರ್ವತವನ್ನು ಹತ್ತುವವರ ಕಾಲಿನಿಂದ. ಬೈಂಡಿಂಗ್ ಹುಟ್ಟಿದುದು ಇವೆರಡರ ನಡುವೆ ಸಂಧಾನ ನಡೆಸುವುದಕ್ಕಾಗಿ. ಮೂರೂ ಒಂದು ಸಂಸಾರವಾಗಿ ಬಾಳಲು ಹಲವು ದಶಕಗಳೇ ಹಿಡಿದವು.

1965ರ ಕ್ರಿಸ್‌ಮಸ್ ದಿನ ಅಮೆರಿಕದ ಮಿಷಿಗನ್ ಸಂಸ್ಥಾನದ ಮಸ್ಕೀಗನ್ ಎಂಬ ಊರಿನಲ್ಲಿ ಶರ್ಮನ್ ಪಾಪೆನ್ ಎಂಬಾತನು ತನ್ನ ಹೆಣ್ಣುಮಕ್ಕಳನ್ನು ಆಟವಾಡಿಸುವ ಸಲುವಾಗಿ ಹಿಮದ ಮೇಲೆ ಜಾರಲು ಕಾಲಿಗೊಂದರಂತೆ ಕಟ್ಟಿಕೊಳ್ಳುವ ಸ್ಕೀಗಳೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ಬಿಗಿದನು. ಹಿಮವೆಂಬ ಅರ್ಥದ ಸ್ನೋ ಎಂಬ ಮಾತನ್ನೂ ಅಲೆಯೇರುವವನೆಂಬ ಅರ್ಥದ ಸರ್ಫರ್ ಎಂಬ ಮಾತನ್ನೂ ಬೆಸೆದು ಆತನ ಪತ್ನಿ ಅದನ್ನು 'ಸ್ನರ್ಫರ್' ಎಂದು ಕರೆದಳು. ಮಾರಾಟಕ್ಕೆ ಬಂದಾಗ ಅದರ ಮೂತಿಗೆ ಒಂದು ಹಗ್ಗವಿತ್ತು; ಕಾಲಿಗೆ ಯಾವ ಬಂಧವೂ ಇರಲಿಲ್ಲ. ನಿಂತವನು ಹಗ್ಗ ಹಿಡಿದು ಸಮತೋಲನ ಕಾಯ್ದುಕೊಳ್ಳಬೇಕು, ಬಿದ್ದರೆ ಹಲಗೆಯನ್ನು ಹಿಡಿಯಲು ಇಳಿಜಾರಿನಲ್ಲಿ ಓಡಬೇಕು. ಪಾದವು ಹಲಗೆಗೆ ಅಂಟಿಕೊಂಡಿರದ ಮೇಲೆ ಅಂಚನ್ನು ಹಿಮಕ್ಕೆ ಒತ್ತುವ ಮಾತೆಲ್ಲಿಯದು?

ಆ ಅಂಟನ್ನು ತಂದವರಲ್ಲಿ ಮುಖ್ಯನು ಜೇಕ್ ಬರ್ಟನ್ ಕಾರ್ಪೆಂಟರ್. 1977ರಲ್ಲಿ ವರ್ಮಾಂಟ್ ಸಂಸ್ಥಾನದಲ್ಲಿ ಹಲಗೆ ತಯಾರಿಕೆಗೆ ಕೈಹಾಕಿದ ಈತನು 1979ರಲ್ಲಿ ಮಿಷಿಗನ್ನಿನ ಸ್ನರ್ಫರ್ ಪಂದ್ಯಕ್ಕೆ ಕಾಲುಪಟ್ಟಿಯನ್ನು ಜೋಡಿಸಿದ ತನ್ನ ಹಲಗೆಯನ್ನೇ ಹೊತ್ತುಬಂದಾಗ, ಇದು ಸ್ನರ್ಫರ್ ಅಲ್ಲವೆಂದು ಆಕ್ಷೇಪವೆದ್ದಿತು. ಕೊನೆಗೆ ಅವನಿಗಾಗಿ ಪ್ರತ್ಯೇಕ ವರ್ಗವೊಂದನ್ನೇ ತೆರೆಯಬೇಕಾಯಿತು. ಪಾದವನ್ನು ಹಲಗೆಗೆ ಕಟ್ಟುವುದು ಅಂದಿನವರಿಗೆ ಮೋಸದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆಟವೊಂದು ವಿದ್ಯೆಯಾಗಿ ಬೆಳೆದುದು ಮಾತ್ರ ಆ ಕಟ್ಟಿನಿಂದಲೇ. 1983ರಲ್ಲಿ ವರ್ಮಾಂಟಿನ ಸ್ಟ್ರಾಟನ್ ಬೆಟ್ಟವು ಸ್ನೋಬೋರ್ಡಿಗರಿಗೆ ಬಾಗಿಲು ತೆರೆಯಿತು.

ಆ ಕಾಲದ ಅಮೆರಿಕದವರು ತೊಡುತ್ತಿದ್ದುದು ಚಳಿಗಾಲದ ಮೆತ್ತನೆಯ ಬೂಟು. ಪುಡಿಹಿಮದ ಮೇಲೆ ಅದು ಸಾಕಾಗುತ್ತಿತ್ತು. ಆದರೆ ಹಲಗೆಯು ಅಟ್ಲಾಂಟಿಕ್ ಸಾಗರವನ್ನು ದಾಟಿ ಆಲ್ಪ್ಸ್ ಸೀಮೆಗೆ ಬಂದಾಗ ಅದು ಎದುರುಗೊಂಡುದು ಬೇರೆಯೇ ನೆಲವನ್ನು: ಯಂತ್ರಗಳಿಂದ ಒತ್ತಿ ಸಮಮಾಡಿದ, ರಾತ್ರಿಯ ಶೀತಕ್ಕೆ ಹೆಪ್ಪುಗಟ್ಟಿ ಬೆಳಗಿನ ಹೊತ್ತಿಗೆ ಕಲ್ಲಿನಂತಾಗಿರುವ ಸ್ಕೀ ಹಾದಿ. ಅಲ್ಲಿ ಅಂಚು ನಾಟಬೇಕಾದರೆ ಕಣಕಾಲಿನ ಒತ್ತಡವು ನಡುವೆ ಎಲ್ಲಿಯೂ ಸೋರಿಹೋಗದೆ ಉಕ್ಕನ್ನು ಮುಟ್ಟಬೇಕು. ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ, ಆಸ್ಟ್ರಿಯಾಗಳ ತರುಣರು ಗಟ್ಟಿ ಪ್ಲಾಸ್ಟಿಕ್ ಕವಚದ ಬೂಟಿನ ಕಡೆಗೆ ತಿರುಗಿದುದು ಈ ಕಾರಣದಿಂದ. ಅವರಲ್ಲಿ ಹಲವರು ಇಳಿಜಾರಿನ ಸ್ಕೀ ಬೂಟನ್ನು ಬಿಟ್ಟು ಸ್ಕೀ ತೊಟ್ಟು ಪರ್ವತವೇರುವವರ ಬೂಟನ್ನೇ ಆರಿಸಿಕೊಂಡುದು ಗಮನಿಸತಕ್ಕ ಸಂಗತಿ. ಸ್ಕೀ ಬೂಟು ಕಣಕಾಲನ್ನು ಮುಂದಕ್ಕೆ ಮಾತ್ರ ಬಾಗಗೊಟ್ಟು ಪಕ್ಕಕ್ಕೆ ಕದಲದಂತೆ ಬಿಗಿಹಿಡಿಯುತ್ತದೆ. ಹಲಗೆಯ ಮೇಲೆ ಓರೆಯಾಗಿ ನಿಂತವನಿಗೆ ಪಕ್ಕದ ಆ ಅಲ್ಪ ಸಡಿಲವೂ ಬೇಕು. ಮುಂದೆ ರೈಕ್ಲೆ ಮೊದಲಾದ ತಯಾರಕರು ಈ ಕ್ರೀಡೆಗೆಂದೇ ರಚನೆಯನ್ನು ಬದಲಿಸಿ, ಅಟ್ಟೆಯನ್ನು ಮೋಟುಮಾಡಿ, ಮುಂಬಾಗನ್ನು ಹಿಂದಿನ ಸನ್ನೆಯಿಂದ ಹೆಚ್ಚು ಕಡಮೆ ಮಾಡಬಲ್ಲ ಬೂಟುಗಳನ್ನು ತಂದರು.

ಬೂಟು ಗಟ್ಟಿಯಾದ ಮೇಲೆ ಬೈಂಡಿಂಗೂ ಬದಲಾಗಲೇಬೇಕಾಯಿತು. ಅದರ ರಚನೆಯನ್ನು ಹತ್ತಿರದಿಂದ ನೋಡಿದರೆ ಅದರ ಸರಳತೆ ಮನಸ್ಸನ್ನು ಸೆಳೆಯುತ್ತದೆ. ಹಲಗೆಗೆ ತಿರುಪು ಹಾಕಿ ಕೂರಿಸಿದ ಒಂದು ಫಲಕ. ಅದರ ಎರಡು ತುದಿಗಳಲ್ಲಿ ಬೆರಳುಗಾತ್ರಕ್ಕಿಂತ ತೆಳುವಾದ ಉಕ್ಕಿನ ಕಂಬಿಯನ್ನು ಬಾಗಿಸಿ ಮಾಡಿದ ಎರಡು ಕುಣಿಕೆಗಳು. ಹಿಮ್ಮಡಿಯನ್ನು ಹಿಂದಿನ ಕುಣಿಕೆಗೆ ಒತ್ತಿ ಸೇರಿಸಿ, ಮುಂದಿನದನ್ನು ಬೂಟಿನ ತುದಿಯ ಮೇಲೆ ಎಳೆದು ಸನ್ನೆಯನ್ನು ಮೇಲಕ್ಕೆ ಮಡಿಸಿದರೆ ಟಕ್ಕೆಂದು ಶಬ್ದವಾಗುತ್ತದೆ, ಪಾದ ಸೆರೆಯಾಯಿತು. ಹಿಂಗಾಲಿನ ಹಿಮ್ಮಡಿಯ ಕೆಳಗೂ ಮುಂಗಾಲಿನ ಬೆರಳುಗಳ ಕೆಳಗೂ ಚಿಕ್ಕ ಬೆಣೆಗಳನ್ನು ಇಟ್ಟು ಮಂಡಿಗಳು ನೋಯದಂತೆ ನಿಲವನ್ನು ಹೊಂದಿಸಿಕೊಳ್ಳುವುದುಂಟು. ಅನಂತರ ಹಿಮ್ಮಡಿಯಲ್ಲಿ ಮೊಳೆಗಳಿರುವ, ಮೆಟ್ಟಿದೊಡನೆ ಕಚ್ಚಿಕೊಳ್ಳುವ ಬಗೆಯೂ ಬಂದಿತು. ಬಿದ್ದಾಗ ಸ್ಕೀ ಬೈಂಡಿಂಗ್ ಕಾಲನ್ನು ಬಿಟ್ಟುಕೊಡುತ್ತದೆ; ಇದು ಬಿಡುವುದಿಲ್ಲ. ಒಂದು ಕಾಲು ಬಿಡಿಸಿಕೊಂಡು ಇನ್ನೊಂದು ಸಿಕ್ಕಿಕೊಂಡರೆ ಹಲಗೆಯ ಭಾರವೆಲ್ಲ ಆ ಒಂದೇ ಕಾಲನ್ನು ತಿರುಚುವುದೆಂಬುದು ಅದಕ್ಕೆ ಕಾರಣ.

ಇನ್ನು ಹಲಗೆಯ ಮಾತು. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಸ್ವಿಟ್ಜರ್ಲೆಂಡಿನ ಹೊಸೆ ಫೆರ್ನಾಂಡೆಸ್ ಮುಂತಾದ ಸ್ಪರ್ಧಾಳುಗಳ ಕಾಲಡಿಯಲ್ಲಿ ವಿಚಿತ್ರಾಕೃತಿಯ ಹಲಗೆಗಳು ಕಾಣಿಸಿಕೊಂಡವು: ಎಡಬಲಗಳು ಸಮವಿಲ್ಲದವು. ಪಾದಗಳು ಓರೆಯಾಗಿ ನಿಂತಾಗ ಬೆರಳುಗಳು ಒಂದು ಪಕ್ಕದಲ್ಲಿ ಮುಂದಾಗಿಯೂ ಹಿಮ್ಮಡಿಗಳು ಇನ್ನೊಂದು ಪಕ್ಕದಲ್ಲಿ ಹಿಂದಾಗಿಯೂ ಬೀಳುತ್ತವಾದುದರಿಂದ, ಹಿಮ್ಮಡಿಯ ಕಡೆಯ ಅಂಚಿನ ಬಾಗನ್ನು ಅಷ್ಟೇ ಹಿಂದಕ್ಕೆ ಸರಿಸಬೇಕೆಂಬುದು ಅವುಗಳ ಹಿಂದಿದ್ದ ತರ್ಕ. ತರ್ಕವೇನೋ ನಿರ್ದುಷ್ಟವಾಗಿತ್ತು. ಆದರೆ ಎಡಗಾಲು ಮುಂದಿಡುವವರಿಗೊಂದು, ಬಲಗಾಲು ಮುಂದಿಡುವವರಿಗೊಂದು ಹಲಗೆ ಬೇಕಾಯಿತು. ಅಷ್ಟರಲ್ಲಿ ಹಲಗೆಯ ಸೊಂಟ, ಎಂದರೆ ನಡುಭಾಗದ ಅಗಲ, ಕಿರಿದಾಗಿ, ಪಾದಗಳು ಐವತ್ತು ಅರವತ್ತು ಡಿಗ್ರಿಯಷ್ಟು ಮೂತಿಯ ಕಡೆಗೆ ತಿರುಗಿದ ಮೇಲೆ, ಸರಿಪಡಿಸಬೇಕಾಗಿದ್ದ ವ್ಯತ್ಯಾಸವೇ ಬಹುಮಟ್ಟಿಗೆ ಉಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ಸಮಪಾರ್ಶ್ವದ ಹಲಗೆಯೇ ಮರಳಿ ಬಂದಿತು. ಸೋತ ಪ್ರಯೋಗವೆಂದು ಅದನ್ನು ಹೀಗಳೆಯುವುದು ನನಗೆ ಸರಿತೋರದು. ಪಾದವನ್ನು ನೋಡಿ ಹಲಗೆಯನ್ನು ರೂಪಿಸಬೇಕೆಂಬ ತತ್ತ್ವವನ್ನು ಮೊದಲು ಕಂಡುಕೊಂಡವರು ಅವರೇ.

ಆ ತತ್ತ್ವ ಇಂದಿಗೂ ನಿಂತಿದೆ. ಸಾಮಾನ್ಯ ಸ್ನೋಬೋರ್ಡಿನ ಸೊಂಟ ಸುಮಾರು 25 ಸೆಂಟಿಮೀಟರ್ ಇದ್ದರೆ ಕಾರ್ವಿಂಗ್ ಹಲಗೆಯದು 20ರ ಆಸುಪಾಸಿನಲ್ಲಿರುತ್ತದೆ. ಸೊಂಟ ಕಿರಿದಾದಷ್ಟೂ ಹಲಗೆಯು ಒಂದು ಅಂಚಿನಿಂದ ಇನ್ನೊಂದಕ್ಕೆ ಬೇಗ ಹೊರಳುತ್ತದೆ. ಆದರೆ ಬೂಟಿನ ತುದಿಯೋ ಹಿಮ್ಮಡಿಯೋ ಪಕ್ಕಕ್ಕೆ ಚಾಚಿಕೊಂಡಿದ್ದರೆ ವಾಲಿದಾಗ ಅದೇ ಮೊದಲು ಹಿಮವನ್ನು ತಾಗಿ, ಅಂಚು ಮೇಲೆದ್ದು, ಸವಾರನು ಕ್ಷಣಮಾತ್ರದಲ್ಲಿ ನೆಲಕ್ಕುರುಳುತ್ತಾನೆ. ಆದುದರಿಂದ ದೊಡ್ಡ ಪಾದದವನು ಅಗಲವಾದ ಹಲಗೆಯನ್ನು ಹುಡುಕಬೇಕು, ಇಲ್ಲವೆ ಪಾದವನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಬೇಕು.

1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸಿನಲ್ಲಿ ಸ್ನೋಬೋರ್ಡ್ ಕ್ರೀಡೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ನೆಟ್ಟ ಕಂಬಗಳ ನಡುವೆ ತಿರುತಿರುಗಿ ಇಳಿಯುವ ಜಯಂಟ್ ಸ್ಲಾಲಮ್ ಪಂದ್ಯದಲ್ಲಿ ಕೆನಡದ ರಾಸ್ ರೆಬಾಗ್ಲಿಯಾಟಿ ಇಟಲಿಯ ಥಾಮಸ್ ಪ್ರುಗರ್‌ಗಿಂತ ಸೆಕೆಂಡಿನ ನೂರರಲ್ಲಿ ಎರಡು ಪಾಲು ಮುಂದೆ ಬಂದು ಚಿನ್ನ ಗೆದ್ದನು. ಜಗತ್ತಿನ ಕಣ್ಣು ಹೀಗೆ ಆಲ್ಪೈನ್ ಹಲಗೆಯ ಮೇಲೆ ಬಿದ್ದ ಹೊತ್ತಿನಲ್ಲೇ ಮಾರುಕಟ್ಟೆಯು ಅದಕ್ಕೆ ಬೆನ್ನು ತಿರುಗಿಸತೊಡಗಿತ್ತು. ತರುಣರು ಮೆತ್ತನೆಯ ಬೂಟು ತೊಟ್ಟು ಗಾಳಿಯಲ್ಲಿ ಲಾಗ ಹಾಕುವ ಬಗೆಗೆ ಮನಸೋತರು. ದೊಡ್ಡ ಕಾರ್ಖಾನೆಗಳು ಗಟ್ಟಿ ಬೂಟಿನ ಸಲಕರಣೆಯನ್ನು ಕ್ರಮೇಣ ಕೈಬಿಟ್ಟವು.

ವಿದ್ಯೆಯನ್ನು ಉಳಿಸಿದವರು ಚಿಕ್ಕ ಕಾರ್ಯಾಗಾರಗಳ ಕುಶಲಕರ್ಮಿಗಳು. ಸ್ವಿಟ್ಜರ್ಲೆಂಡಿನ ಹಾನ್ಸ್‌ಯೂರ್ಗ್ ಕೆಸ್ಲರ್‌ನ ಹಲಗೆಗಳು ಒಲಿಂಪಿಕ್ ಪದಕಗಳನ್ನು ತಂದವು. ಮರದ ತಿರುಳಿನ ಮೇಲೆ ಟೈಟನಾಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ತೆಳ್ಳನೆಯ ಹಾಳೆಯನ್ನು ಹೊದಿಸುವ ಪದ್ಧತಿ ಬಳಕೆಗೆ ಬಂದು, ಗಟ್ಟಿಹಿಮದ ಮೇಲೆ ಅಂಚು ಅದುರಿ ಹಾರುವುದು ತಗ್ಗಿತು. ಸ್ವಿಟ್ಜರ್ಲೆಂಡಿನಲ್ಲಿಯೇ ಪಂದ್ಯದ ಗೊಡವೆಯಿಲ್ಲದೆ, ತಿರುವಿನಲ್ಲಿ ಮೈಯೆಲ್ಲ ಹಿಮವನ್ನು ಸವರುವಷ್ಟು ವಾಲಿಬರುವ ಪಂಥವೊಂದನ್ನು ಜಾಕ್ ರಿಲಿಯೆ ಮತ್ತು ಪ್ಯಾಟ್ರಿಸ್ ಫಿವಾ ಬೆಳೆಸಿದರು. ಬಿಡಿಯಾಗಿ ಹಲಗೆ ಮಾಡಿಕೊಡುವ ಕರ್ಮಿಯು ಸವಾರನ ದೇಹದ ತೂಕವನ್ನು ಕೇಳುತ್ತಾನೆ, ಬೂಟಿನ ಅಳತೆಯನ್ನು ಕೇಳುತ್ತಾನೆ, ಪಾದಗಳ ಕೋನವನ್ನು ಕೇಳುತ್ತಾನೆ. ಆಮೇಲೆ ಮರಕ್ಕೆ ಕೈಹಚ್ಚುತ್ತಾನೆ. 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಎಂಬ ತರುಣಿ ಸ್ಕೀಯಿಂಗಿನ ಸೂಪರ್-ಜಿ ಪಂದ್ಯದಲ್ಲಿಯೂ, ಒಂದೇ ವಾರದ ತರುವಾಯ ಸ್ನೋಬೋರ್ಡಿನ ಸಮಾಂತರ ಜಯಂಟ್ ಸ್ಲಾಲಮ್ಮಿನಲ್ಲಿಯೂ ಚಿನ್ನ ಗೆದ್ದಾಗ, ಅಂಚಿನ ವಿದ್ಯೆ ಎರಡಕ್ಕೂ ಒಂದೇ ಎಂಬುದನ್ನು ಲೋಕವೆಲ್ಲ ಕಂಡಿತು.

ಚರಿತ್ರೆಯಲ್ಲಿ ಮೊದಲು ಬಂದುದು ಹಲಗೆ, ಅನಂತರ ಬಂಧ, ಕಟ್ಟಕಡೆಗೆ ತಕ್ಕ ಬೂಟು. ಕೊಳ್ಳಹೊರಟವರು ಇದರ ವಿಲೋಮಕ್ರಮದಲ್ಲಿ ನಡೆಯಬೇಕೆಂಬುದು ನನ್ನ ವಿಜ್ಞಾಪನೆ. ತೆಳುವಾದ ಒಂದೇ ಜೊತೆ ಕಾಲುಚೀಲ ಧರಿಸಿ ಅಂಗಡಿಗೆ ಹೋಗಿ, ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆಯಿಸಿಕೊಳ್ಳಿರಿ. ಹಿಮ್ಮಡಿ ಮೇಲೇಳದ ಬೂಟು ಸಿಕ್ಕುವವರೆಗೆ ಒಂದಾದ ಮೇಲೊಂದನ್ನು ತೊಟ್ಟುನೋಡಿರಿ. ಅದು ಸಿಕ್ಕಿದ ಬಳಿಕ ಅದರ ಅಟ್ಟೆಗೆ ಒಪ್ಪುವ ಬೈಂಡಿಂಗನ್ನು ಆರಿಸಿ, ಗೋಡೆಗೆ ಒರಗಿಸಿಟ್ಟ ಹಲಗೆಗಳ ಕಡೆಗೆ ಕೊನೆಯಲ್ಲಿ ಕಣ್ಣು ಹಾಯಿಸಿರಿ.