ಪಿಲ್ಚರ್ ಅರ್ಧಕ್ಕೆ ಬಿಟ್ಟುಹೋದ ವಿಮಾನ

ಇನ್ನೊಬ್ಬರು ಅರ್ಧ ಕಟ್ಟಿ ಬಿಟ್ಟ ಮನೆ ಕೊಂಡವರಿಗೆ ಈ ಪಾಡು ಗೊತ್ತಿರುತ್ತದೆ. ಗೋಡೆ ಕಣ್ಣೆದುರಿಗೇ ಇರುತ್ತದೆ, ಆದರೆ ಕಟ್ಟಿಸಿದವರ ತಲೆಯಲ್ಲಿದ್ದ ಲೆಕ್ಕ ಸಿಗುವುದಿಲ್ಲ. ವಿಮಾನದಲ್ಲೂ ಹೀಗೆ ಆಗಿದೆ. ನಾವು ಇವತ್ತು ಹೇಳುವುದು ಅಂಥದ್ದೊಂದು ಕಥೆ.

1899ರ ಸೆಪ್ಟೆಂಬರ್ 30. ಇಂಗ್ಲೆಂಡಿನ ಸ್ಟ್ಯಾನ್‌ಫರ್ಡ್ ಹಾಲ್ ಎಂಬ ದೊಡ್ಡಮನೆಯ ಬಯಲಿನಲ್ಲಿ ಜನ ಸೇರಿದ್ದರು. ಪರ್ಸಿ ಪಿಲ್ಚರ್ ಅಂದು ತಾವೇ ಮಾಡಿದ ಎಂಜಿನ್ ವಿಮಾನ ತೋರಿಸಬೇಕಿತ್ತು. ರೈಟ್ ಸಹೋದರರು ಹಾರಲು ಇನ್ನೂ ನಾಲ್ಕು ವರ್ಷವಿತ್ತು ಎಂಬುದನ್ನು ನೆನಪಿಡಿ.

ಪಿಲ್ಚರ್ ಮೊದಲು ನೌಕಾಪಡೆಯಲ್ಲಿದ್ದರು. ಆಮೇಲೆ ಗ್ಲಾಸ್ಗೋದಲ್ಲಿ ಹಡಗು ಕಟ್ಟುವುದನ್ನು ಕಲಿತು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಬಿಡುವಿನಲ್ಲಿ ಗ್ಲೈಡರ್ ಕಟ್ಟುತ್ತಿದ್ದರು. ಗ್ಲೈಡರ್ ಅಂದರೆ ಎಂಜಿನ್ ಇಲ್ಲದೆ ಗಾಳಿಯಲ್ಲಿ ತೇಲುವ ವಿಮಾನ. ಅದರ ರೆಕ್ಕೆಯ ಬಟ್ಟೆ ಹೊಲಿಯಲು ಅವರ ಅಕ್ಕತಂಗಿಯರಲ್ಲಿ ಒಬ್ಬರಾದ ಎಲ್ಲಾ ಕೈಜೋಡಿಸುತ್ತಿದ್ದರು. (ವಿಮಾನದ ಇತಿಹಾಸದಲ್ಲಿ ಹೊಲಿದವರ ಹೆಸರು ಬರುವುದೇ ಅಪರೂಪ.) ಜರ್ಮನಿಯ ಲಿಲಿಯೆಂಥಾಲ್ ಬಳಿಗೂ ಹೋಗಿ ಪಿಲ್ಚರ್ ಹಾರಾಟ ನೋಡಿ ಬಂದರು. ಲಿಲಿಯೆಂಥಾಲ್ 1896ರಲ್ಲಿ ಗ್ಲೈಡರ್‌ನಿಂದ ಬಿದ್ದು ತೀರಿಕೊಂಡರು. ಪಿಲ್ಚರ್ ಕೆಲಸ ನಿಲ್ಲಿಸಲಿಲ್ಲ. 1897ರಲ್ಲಿ 'ಹಾಕ್' ಎಂಬ ತಮ್ಮ ಗ್ಲೈಡರ್‌ನಲ್ಲಿ ಸುಮಾರು 230 ಮೀಟರ್ ಹಾರಿದರು.

ಇನ್ನು ಎಂಜಿನ್ ಕೂರಿಸಬೇಕು. ತೊಡಕು ಇದ್ದದ್ದೇ ಅಲ್ಲಿ. ಎಂಜಿನ್ ಹೊರಲು ರೆಕ್ಕೆ ದೊಡ್ಡದಾಗಬೇಕು, ರೆಕ್ಕೆ ದೊಡ್ಡದಾದರೆ ತೂಕ ಏರುತ್ತದೆ, ತೂಕ ಏರಿದರೆ ಇನ್ನೂ ದೊಡ್ಡ ಎಂಜಿನ್ ಬೇಕು. ಅಮೆರಿಕದ ಎಂಜಿನಿಯರ್ ಆಕ್ಟೇವ್ ಶನೂಟ್ ಆಗಲೇ ಒಂದರ ಮೇಲೊಂದು ರೆಕ್ಕೆ ಜೋಡಿಸಿ ನೋಡಿದ್ದರು. ಸಣ್ಣ ರೆಕ್ಕೆಗಳೇ ಸಾಕಾಗುವುದರಿಂದ ತೂಕ ಹಿಡಿತದಲ್ಲಿರುತ್ತದೆ. ಪಿಲ್ಚರ್ ಅದೇ ದಾರಿ ಹಿಡಿದು ಮೂರು ಅಂತಸ್ತಿನ ರೆಕ್ಕೆ ಕಟ್ಟಿದರು. ಎಂಜಿನ್ ಬರೀ 4 ಎಚ್‌ಪಿ. ನಮ್ಮ ಹೊಲದ ಪಂಪ್‌ಸೆಟ್ಟೇ ಎಷ್ಟೋ ಕಡೆ 5 ಎಚ್‌ಪಿ ಇರುತ್ತದೆ.

ಪ್ರದರ್ಶನಕ್ಕೆ ಮೊದಲೇ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಮುರಿಯಿತು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಪಿಲ್ಚರ್ ಹಳೆಯ ಹಾಕ್ ಹತ್ತಿದರು. ಮಳೆಗೆ ಅದರ ಬಟ್ಟೆ ನೆನೆದಿತ್ತು. ಕುದುರೆಗಳು ಹಗ್ಗದಿಂದ ಎಳೆದು ಅದನ್ನು ಮೇಲೇರಿಸಿದವು. ಸುಮಾರು 10 ಮೀಟರ್ ಎತ್ತರದಲ್ಲಿ ಬಾಲ ಮುರಿಯಿತು. ಎರಡು ದಿನದ ನಂತರ, ಅಕ್ಟೋಬರ್ 2ರಂದು ಅವರು ತೀರಿಕೊಂಡರು. ಎಂಜಿನ್ ವಿಮಾನ ಒಂದು ಸಲವೂ ಮೇಲೇಳದೆ ಉಳಿಯಿತು.

ನೂರು ವರ್ಷ ದಾಟಿದ ಮೇಲೆ ಬಿಬಿಸಿಯ ಒಂದು ಕಾರ್ಯಕ್ರಮಕ್ಕಾಗಿ ಕ್ರ್ಯಾನ್‌ಫೀಲ್ಡ್ ವಿಶ್ವವಿದ್ಯಾಲಯದವರು ಈ ಕೆಲಸ ಕೈಗೆತ್ತಿಕೊಂಡರು. ಮೂಲ ನಕ್ಷೆ ಕಳೆದುಹೋಗಿತ್ತು. ಅಮೆರಿಕದಲ್ಲಿ ಸಿಕ್ಕ ಕೆಲವು ಪತ್ರಗಳಿಂದ ಪಿಲ್ಚರ್ ಯಾವ ದಿಕ್ಕಿನಲ್ಲಿ ಯೋಚಿಸುತ್ತಿದ್ದರು ಎಂಬುದಷ್ಟೇ ತಿಳಿಯಿತು. ಉಳಿದದ್ದನ್ನು ಇವರೇ ಲೆಕ್ಕ ಹಾಕಿ ತುಂಬಿಸಿ ಹೊಸದಾಗಿ ಕಟ್ಟಿದರು. 2003ರಲ್ಲಿ ಆ ವಿಮಾನ 1 ನಿಮಿಷ 26 ಸೆಕೆಂಡ್ ಹಾರಿತು. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ಅತಿ ಉದ್ದದ ಹಾರಾಟ 59 ಸೆಕೆಂಡ್.

ಹಾಗಾದರೆ ಪಿಲ್ಚರ್ ಬದುಕಿದ್ದರೆ ಅವರೇ ಮೊದಲಿಗರಾಗುತ್ತಿದ್ದರೆ? ಅಷ್ಟು ಸಲೀಸಾಗಿ ಹೇಳಲು ನಮಗೆ ಮನಸ್ಸಿಲ್ಲ. ಪಿಲ್ಚರ್ ಮೈಯನ್ನು ಅತ್ತಿತ್ತ ವಾಲಿಸಿಯೇ ವಿಮಾನದ ತೋಲ ಹಿಡಿಯುತ್ತಿದ್ದರು. ಕ್ರ್ಯಾನ್‌ಫೀಲ್ಡಿನವರು ಸುರಕ್ಷತೆಗೆಂದು ರೆಕ್ಕೆಯ ತುದಿ ತಿರುಚುವ ಏರ್ಪಾಡನ್ನು ಸೇರಿಸಿದರು. ಅದು ರೈಟ್ ಸಹೋದರರ ಉಪಾಯ! ಹಾರಿಸಿದ್ದು ಕೂಡ ಎಲೆ ಅಲುಗದಷ್ಟು ಶಾಂತ ಗಾಳಿಯಲ್ಲಿ. ರೈಟ್ ಸಹೋದರರು ಹಾರಿದ್ದು ಬಿರುಗಾಳಿಯಲ್ಲಿ.

ಆದರೂ ಇವರ ಒಂದು ನಡೆ ನಮಗೆ ಮೆಚ್ಚುಗೆಯಾಯಿತು. ಸೇರಿಸಿದ್ದನ್ನು ಸೇರಿಸಿದ್ದೇವೆ ಎಂದೇ ಹೇಳಿದರು. ಹಿಂದೊಮ್ಮೆ ಹೀಗಾಗಿರಲಿಲ್ಲ. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಮುಖ್ಯಸ್ಥ ಲ್ಯಾಂಗ್ಲಿ ಮಾಡಿಸಿದ ವಿಮಾನ 1903ರಲ್ಲಿ ಎರಡು ಸಲ ನದಿಗೆ ಬಿದ್ದಿತ್ತು. ರೈಟ್ ಸಹೋದರರ ಜೊತೆ ಪೇಟೆಂಟ್ ವ್ಯಾಜ್ಯದಲ್ಲಿದ್ದ ಗ್ಲೆನ್ ಕರ್ಟಿಸ್ 1914ರಲ್ಲಿ ಅದಕ್ಕೆ ಹಲವು ಬದಲಾವಣೆ ಮಾಡಿ ಕೆರೆಯ ಮೇಲೆ ಸ್ವಲ್ಪ ಹಾರಿಸಿದರು. ಸಂಸ್ಥೆ ಬದಲಾವಣೆಗಳನ್ನು ಮರೆಮಾಚಿ, ಹಾರಬಲ್ಲ ಮೊದಲ ವಿಮಾನ ಲ್ಯಾಂಗ್ಲಿಯದೇ ಎಂದಿತು. ಸಿಟ್ಟಿಗೆದ್ದ ಆರ್ವಿಲ್ ರೈಟ್ ತಮ್ಮ ವಿಮಾನವನ್ನು 1928ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟರು. ಸಂಸ್ಥೆ ನಿಜ ಒಪ್ಪಿಕೊಂಡಿದ್ದು 1942ರಲ್ಲಿ. ವಿಮಾನ ಅಮೆರಿಕಕ್ಕೆ ಮರಳಿದ್ದು 1948ರ ಕೊನೆಗೆ. ಆರ್ವಿಲ್ ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.