ಬೆಳೆಯ ತಾಯಿಗೆ ನಾಚಿಕೆ ಹೊರಿಸಿದವರು ಯಾರು?

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ಹೊಲಗಳಿಗೆ ಬಸವ ನುಗ್ಗಿ ಬೆಳೆ ಮೇಯುತ್ತಿತ್ತಂತೆ. ಮೊದಲ ಬೆಳೆ ನಿನಗೇ ಅಂತ ರೈತರು ಹರಕೆ ಹೊತ್ತರಂತೆ. ಈ ಕತೆ ಎಲ್ಲರಿಗೂ ಗೊತ್ತು. ಆದರೆ ಕಡಲೆಕಾಯಿ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಹಡಗುಗಳು ಬಂದ ಮೇಲೆ ನಮ್ಮ ನೆಲ ಕಂಡದ್ದು. ಮೊದಲ ಫಸಲು ಒಪ್ಪಿಸುವ ರೂಢಿ ಅದಕ್ಕಿಂತ ಹಳೆಯದು. ರಾಗಿ, ಅವರೆ ಬೆಳೆದವರು ಯಾರ ಮುಂದೆ ಇಡುತ್ತಿದ್ದರು? ನಮ್ಮ ಹಳ್ಳಿಗಳನ್ನು ನೋಡಿದರೆ ಉತ್ತರ ಹೊಳೆಯುತ್ತದೆ: ಊರಾಚೆಯ ಅಮ್ಮ. ಕೆತ್ತದ ಕಲ್ಲು, ಅರಿಶಿನ, ಬೇವಿನ ಸೊಪ್ಪು.

1898ರ ಪ್ಲೇಗಿನ ನಂತರ ಹೊಲಗಳ ಮೇಲೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಹೊಲ ಹೋಯಿತು, ಪರಿಷೆ ಉಳಿಯಿತು.

ಆ ಅಮ್ಮನನ್ನು ಶಿಲ್ಪಿ ಹೇಗೆ ಕಂಡ? ನಾಗನಾಥಕೊಳ್ಳದಲ್ಲಿ ಸಿಕ್ಕ ಚಾಲುಕ್ಯರ ಕಾಲದ ಮೂರ್ತಿಯೊಂದು ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿದೆ. ತಲೆ ಇರಬೇಕಾದಲ್ಲಿ ಅರಳಿದ ತಾವರೆ. ಹೆರಿಗೆಗೆ ಕೂತವಳ ಹಾಗೆ ಕಾಲು ಅಗಲಿಸಿದ್ದಾಳೆ. ಇನ್ನೂ ಹಿಂದಕ್ಕೆ ಹೋದರೆ, ಹರಪ್ಪದ ಮುದ್ರೆಯೊಂದರಲ್ಲಿ ತಲೆಕೆಳಗಾದ ಹೆಣ್ಣಿನ ಗರ್ಭದಿಂದ ಗಿಡ ಹೊರಟಿದೆ. ಇದರ ಅರ್ಥ ಬಿಡಿಸಲು ಶಾಸ್ತ್ರಿಗಳು ಬೇಕಿಲ್ಲ. ಹೆಣ್ಣು ಹಡೆಯುತ್ತಾಳೆ, ನೆಲವೂ ಹಡೆಯುತ್ತದೆ. ಇಂಥವಳಿಗೆ ಇಟ್ಟ ಹೆಸರು ಲಜ್ಜಾಗೌರಿ! ಅವಳ ಮೈಯಲ್ಲಿ ಎಲ್ಲೂ ಲಜ್ಜೆಯಿಲ್ಲ. ಲಜ್ಜೆ ಹೆಸರಿಟ್ಟವರದು.

ಬೆಂಗಳೂರು ಪೇಟೆಯ ತಿಗಳರು ತೋಟ ಮಾಡಿ ಈ ಊರಿಗೆ ಸೊಪ್ಪು, ತರಕಾರಿ ಉಣಿಸಿದವರು. ಅವರ ಕರಗ ಚೈತ್ರದ ಹುಣ್ಣಿಮೆ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುತ್ತದೆ. ಹೆಣ್ಣಿನ ಉಡುಗೆ ತೊಟ್ಟ ಗಂಡಸು ಮಲ್ಲಿಗೆ ಮುಚ್ಚಿದ ಕರಗ ಹೊತ್ತು ಮಸ್ತಾನ್ ಸಾಬರ ದರ್ಗಾಕ್ಕೂ ಹೋಗುತ್ತಾನೆ. ಪುರಾಣ ಅವಳನ್ನು ದ್ರೌಪದಿ ಅನ್ನುತ್ತದೆ. ನಮಗೆ ಕಾಣುವುದು ನೀರಿನ ಗಡಿಗೆ ಮತ್ತು ಹೂವು. ಬಾದಾಮಿಯಲ್ಲಿ ತಲೆಯ ಜಾಗದಲ್ಲಿದ್ದ ಹೂವು ಇಲ್ಲಿ ತಲೆಯ ಮೇಲಿದೆ.

ಆದರೆ ಗೆಳೆಯರೇ, ತಾಯಿ ತಾಯಿ ಅಂತ ಹಾಡಿ ಮೈಮರೆಯುವುದು ಬೇಡ. ಕಲ್ಲಿನ ಹೆಣ್ಣಿಗೆ ಲಜ್ಜೆ ಹೊರಿಸಿದ ಸಮಾಜವೇ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿತು. ಚಂದ್ರಗುತ್ತಿಯಲ್ಲಿ ದೇವಿಯ ಹೆಸರಲ್ಲೇ ಬೆತ್ತಲೆ ನಡೆಸಿತು. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾನೂನು 1982ರದು. 1986ರಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಚಂದ್ರಗುತ್ತಿಗೆ ಹೋಗಿ ಬೆತ್ತಲೆ ಸೇವೆಗೆ ಅಡ್ಡ ನಿಂತರು, ಏಟು ತಿಂದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ತಾಯಿಯ ಮಾನ ಕಾದವರು ಏಟು ತಿಂದವರೇ ಹೊರತು ಪೂಜಾರಿಗಳಲ್ಲ.

ಈ ಕಲ್ಲಿನ ಕತೆಯನ್ನೂ ಚಂದ್ರಗುತ್ತಿಯ ಕತೆಯನ್ನೂ ಮೇಷ್ಟ್ರುಗಳು ಮಕ್ಕಳಿಗೆ ಒಟ್ಟಿಗೇ ಹೇಳಲಿ. ಪರಿಷೆಯಲ್ಲಿ ಕಡಲೆಕಾಯಿ ಸುಲಿಯುವಾಗ ನಾವೂ ಒಂದು ಮಾತು ಕೇಳೋಣ: ಬಿಸಿಲಲ್ಲಿ ಬಗ್ಗಿ ಈ ಗಿಡ ಕಿತ್ತ ಹೆಂಗಸಿಗೆ ದಿನಕ್ಕೆ ಎಷ್ಟು ಕೂಲಿ ಕೊಟ್ಟಿರಿ? ಬೆಳೆಯ ತಾಯಿ ಎಲ್ಲಾದರೂ ಉಳಿದಿದ್ದರೆ ಆ ಸಾಲಿನಲ್ಲೇ ಉಳಿದಿದ್ದಾಳೆ.